ಎಗರುವ ಬಲದಲ್ಲಿ ರಜ್ಜುವಿನ ಪಾಲು: ಲಾಂಗ್ ಜಂಪ್, ಹೈ ಜಂಪ್ ತಯಾರಿಗೆ 16 ವಾರಗಳ ಸಮಗ್ರ ಮಾರ್ಗದರ್ಶಿ

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 3.80 ಮೀಟರ್ ಲಾಂಗ್ ಜಂಪ್ ಇಲ್ಲವೇ 1.20 ಮೀಟರ್ ಹೈ ಜಂಪ್ ಮಾಡಬೇಕು. ಹೆಣ್ಣುಮಕ್ಕಳಿಗೆ ಅದು 2.50 ಮತ್ತು 0.90 ಮೀಟರ್. ಕೇಳಲು ದೊಡ್ಡ ಅಳತೆಗಳೇನಲ್ಲ. ಆದರೂ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೋ ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೋ ಬೆಳಗಿನ ಹೊತ್ತು ಹೋಗಿ ನೋಡಿದರೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಓಡಾಡುವವರು ಕಣ್ಣಿಗೆ ಬೀಳುತ್ತಾರೆ. ಲಿಖಿತ ಪರೀಕ್ಷೆ ಮುಗಿಯುವ ತನಕ ಪುಸ್ತಕ ಹಿಡಿದು ಕೂತು, ಆಮೇಲೆ ಆರು ವಾರದಲ್ಲಿ ಎಲ್ಲವನ್ನೂ ಸಾಧಿಸಲು ಹೊರಟರೆ ಹೀಗೇ ಆಗುವುದು. ಆರು ವಾರದಲ್ಲಿ ಸ್ನಾಯುವಿಗೆ ಬಲ ಬರುತ್ತದೆ. ಆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜುವಿಗೆ ಬರುವುದಿಲ್ಲ. ಅದು ಹದಕ್ಕೆ ಬರಲು ಕಡಿಮೆ ಅಂದರೂ 12 ವಾರ ಬೇಕು. ನೋವು ಹುಟ್ಟುವುದು ಈ ಅಂತರದಲ್ಲೇ.

ವಾಲಿಬಾಲ್, ಕಬಡ್ಡಿ ಆಡುವವರಿಗೂ ಲೆಕ್ಕ ಇದೇ. ಬೇಕಾದದ್ದು 16 ವಾರ, ಒಂದು ಹಲಗೆ, ಒಂದಿಷ್ಟು ಹಗ್ಗ, ಸ್ಲೋ ಮೋಷನ್ ಇರುವ ಒಂದು ಫೋನು.

ಜಿಗಿತದ ಒಳಗೆ ನಡೆಯುವುದು

ಎಗರುವಾಗ ಮೂರು ಕೀಲುಗಳು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತವೆ: ಮೊದಲು ಸೊಂಟ, ಆಮೇಲೆ ಮಂಡಿ, ಕೊನೆಗೆ ಪಾದದ ಗಂಟು. ಸೊಂಟವನ್ನು ಕುಂಡೆಯ ಸ್ನಾಯುಗಳೂ ತೊಡೆಯ ಹಿಂಭಾಗದ ಸ್ನಾಯುಗಳೂ ನೆಟ್ಟಗೆ ಮಾಡುತ್ತವೆ. ಮಂಡಿಯನ್ನು ನೆಟ್ಟಗೆ ಮಾಡುವುದು ತೊಡೆಯ ಮುಂಭಾಗದ ಸ್ನಾಯು. ಅದರ ಎಳೆತ ಮಂಡಿಚಿಪ್ಪಿನ ಕೆಳಗಿರುವ ರಜ್ಜುವಿನ ಮೂಲಕ ಮಂಡಿಯ ಕೆಳಗಿನ ಮೊಳಕಾಲ ಮೂಳೆಗೆ ಮುಟ್ಟುತ್ತದೆ. ಪಾದವನ್ನು ನೆಲಕ್ಕೆ ಒತ್ತುವುದು ಮೀನಖಂಡ. ಅದರ ಎಳೆತ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ ಮೂಲಕ. ದೇಹದಲ್ಲೇ ಅತಿ ದಪ್ಪ, ಅತಿ ಗಟ್ಟಿ ರಜ್ಜು ಇದು. ಸುಮ್ಮನೆ ಓಡುವಾಗಲೇ ಇದರ ಮೇಲೆ ದೇಹತೂಕದ 6ರಿಂದ 8 ಪಟ್ಟು ಎಳೆತ ಬೀಳುತ್ತದೆ. 65 ಕೆ.ಜಿ. ತೂಕದವರ ಲೆಕ್ಕದಲ್ಲಿ ಅದು ಸುಮಾರು 390ರಿಂದ 520 ಕೆ.ಜಿ. ಭಾರ.

ರಜ್ಜು ಎಳೆದಾಗ ತುಸು ಹಿಗ್ಗುತ್ತದೆ. ಜಿಗಿತದಂಥ ಭಾರೀ ಎಳೆತದಲ್ಲಿ ತನ್ನ ಉದ್ದದ ಶೇ 4ರಿಂದ 8ರಷ್ಟು, ಅಂದರೆ 15 ಸೆಂ.ಮೀ. ಉದ್ದದ ಅಕಿಲಿಸ್ ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್. ಹಿಗ್ಗುವಾಗ ಹಿಡಿದಿಟ್ಟ ಶಕ್ತಿಯಲ್ಲಿ ಶೇ 90ರಷ್ಟನ್ನು ಕುಗ್ಗುವಾಗ ವಾಪಸು ಕೊಡುತ್ತದೆ. ಅದೂ ಯಾವ ಸ್ನಾಯುವಿಗೂ ಸಾಧ್ಯವಾಗದ ವೇಗದಲ್ಲಿ.

ವೇಗದ ಮಾತು ಇಲ್ಲಿ ಮುಖ್ಯ. ಸ್ನಾಯು ಎಷ್ಟು ಬೇಗ ಕುಗ್ಗುತ್ತದೋ ಅಷ್ಟು ಕಡಿಮೆ ಬಲ ಕೊಡುತ್ತದೆ. ಬ್ರಿಟಿಷ್ ಶರೀರವಿಜ್ಞಾನಿ ಎ. ವಿ. ಹಿಲ್ 1938ರಲ್ಲಿ ಅಳೆದು ತೋರಿಸಿದ ಸಂಗತಿ ಇದು, ಇವತ್ತಿಗೂ ನಿಂತಿದೆ. ಕುಗ್ಗದೆ ಬಿಗಿದು ನಿಂತ ಸ್ನಾಯು ಹೆಚ್ಚು ಬಲ ಕೊಡುತ್ತದೆ. ಬಿಗಿದಿರುವಾಗಲೇ ಯಾರೋ ಎಳೆದು ಉದ್ದ ಮಾಡಿದರೆ ಇನ್ನೂ ಹೆಚ್ಚು. ಹಾಗಾಗಿ ವೇಗದ ಜಿಗಿತದಲ್ಲಿ ಮೀನಖಂಡದ ಕೆಲಸ ಕುಗ್ಗುವುದಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲುವುದು. ರಬ್ಬರ್ ಕಟ್ಟಿದ ಕವಣೆಯಲ್ಲಿ ಕವಲುಕಡ್ಡಿ ಹಿಡಿದ ಕೈ ಮಾಡುವ ಕೆಲಸವೇ ಅದು: ಕೈ ಸಡಿಲವಾದರೆ ರಬ್ಬರ್ ಎಳೆಯುವುದೇ ಇಲ್ಲ, ಕಲ್ಲು ಕಾಲಬುಡಕ್ಕೆ ಬೀಳುತ್ತದೆ. ಸ್ನಾಯು ಬಿಗಿ ಹಿಡಿದಾಗ ದೇಹದ ಭಾರ ರಜ್ಜುವನ್ನು ಹಿಗ್ಗಿಸುತ್ತದೆ, ಅದು ಸೆಳೆದುಕೊಳ್ಳುವಾಗ ನಾವು ಮೇಲೇಳುತ್ತೇವೆ. ಸ್ನಾಯು ಸಡಿಲಿದ್ದರೆ ರಜ್ಜುವಿನ ಬದಲು ಸ್ನಾಯುವೇ ಉದ್ದವಾಗುತ್ತದೆ. ಆ ಶಕ್ತಿ ಬಿಸಿಯಾಗಿ ಹೋಯಿತು ಅಂತಲೇ ಲೆಕ್ಕ.

ಈಗ ಸಮಯದ ಲೆಕ್ಕ ನೋಡಿ. ಲಾಂಗ್ ಜಂಪ್ ಬೋರ್ಡಿನ ಮೇಲೆ ಕಾಲು ಇರುವುದು 0.12ರಿಂದ 0.15 ಸೆಕೆಂಡ್. ಹೈ ಜಂಪ್‌ನಲ್ಲಿ 0.15ರಿಂದ 0.20. ಆರಾಮಾಗಿರುವ ಸ್ನಾಯು ತನ್ನ ಪೂರ್ತಿ ಬಲ ಮುಟ್ಟಲು 0.3 ಸೆಕೆಂಡೋ ಅದಕ್ಕಿಂತ ಹೆಚ್ಚೋ ಬೇಕು. ಅಂದರೆ ಕಾಲು ನೆಲ ಮುಟ್ಟಿದ ಮೇಲೆ ಬಿಗಿಯಲು ಶುರು ಮಾಡಿದರೆ ಬಲ ಬರುವಷ್ಟರಲ್ಲಿ ನೀವು ಗಾಳಿಯಲ್ಲಿರುತ್ತೀರಿ. ಪಳಗಿದವರ ಮೀನಖಂಡ ನೆಲ ಮುಟ್ಟುವ ಸುಮಾರು 0.1 ಸೆಕೆಂಡ್ ಮೊದಲೇ ಎಚ್ಚೆತ್ತಿರುತ್ತದೆ. ಪಳಗದವರನ್ನು ಎತ್ತರದ ಕಟ್ಟೆಯಿಂದ ಧುಮುಕಿಸಿದರೆ ಇದರ ಉಲ್ಟಾ ಆಗುತ್ತದೆ: ಪೆಟ್ಟಾದೀತೆಂದು ನರವ್ಯೂಹವೇ ಸ್ನಾಯುವಿನ ಚಟುವಟಿಕೆ ತಗ್ಗಿಸಿಬಿಡುತ್ತದೆ. ಎತ್ತರದ ಕಟ್ಟೆಯಿಂದ ಧುಮುಕಿ ಧುಮುಕಿ ಅಭ್ಯಾಸ ಮಾಡಿದವರು ಮುಂದೆ ಹೋಗದಿರಲು ಕಾರಣ ಇದು.

ನಿಂತಲ್ಲಿಂದ ಎಗರುವುದು ಬೇರೆ ಕತೆ. ಸ್ವಲ್ಪ ಬಗ್ಗಿ ಎಗರಿದರೆ, ಬಗ್ಗಿದ ಭಂಗಿಯಲ್ಲೇ ತಡೆದು ಎಗರಿದ್ದಕ್ಕಿಂತ ಸಾಮಾನ್ಯವಾಗಿ 2ರಿಂದ 4 ಸೆಂ.ಮೀ. ಹೆಚ್ಚು ಸಿಗುತ್ತದೆ. ಇದೆಲ್ಲ ರಜ್ಜುವಿನ ಸ್ಪ್ರಿಂಗ್ ಅಂತ ಹೇಳುವವರೇ ಜಾಸ್ತಿ. ದೊಡ್ಡ ಪಾಲು ಹಾಗಲ್ಲ: ಕೆಳಗೆ ಬಗ್ಗಿ ನಿಲ್ಲಿಸುವಷ್ಟರಲ್ಲಿ ಸ್ನಾಯುಗಳಿಗೆ ಬಿಗಿಯಲು ಸಮಯ ಸಿಕ್ಕಿರುತ್ತದೆ, ಮೇಲೇಳುವ ಮೊದಲ ಕ್ಷಣದಲ್ಲೇ ಬಲ ತುಂಬಿರುತ್ತದೆ. ನಿಂತಲ್ಲಿಂದ ಎಗರುವವರಿಗೆ ತೊಡೆ, ಕುಂಡೆಯ ಬಲ ಮೊದಲು. ಓಡಿಬಂದು ಎಗರುವವರಿಗೆ ರಜ್ಜುವಿನ ಬಿಗುವು ಮೊದಲು. ಪೊಲೀಸ್ ಪರೀಕ್ಷೆಯವರು ಎರಡನೇ ಗುಂಪು.

ಮೊದಲ ಹೆಜ್ಜೆ: ನಿಮ್ಮಲ್ಲಿ ಏನು ಕಡಿಮೆ ಎಂದು ಅಳೆಯುವುದು

ಗೋಡೆಗೆ ಸುಣ್ಣದ ಕೈ ಹಚ್ಚಿ ಅಳೆಯುವ ಹಳೆ ಪದ್ಧತಿ ಎತ್ತರ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಫೋನಿನ ಸ್ಲೋ ಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ನೆಲಮಟ್ಟದಲ್ಲಿ ಇಟ್ಟಿಗೆಗೆ ಒರಗಿಸಿ, ಪಾದಗಳು ಮಾತ್ರ ತುಂಬುವಂತೆ ಎರಡು ಮೀಟರ್ ದೂರದಿಂದ ಹಿಡಿಯಿರಿ. ಕಾಲ್ಬೆರಳು ನೆಲ ಬಿಟ್ಟ ಫ್ರೇಮ್‌ನಿಂದ ಮತ್ತೆ ನೆಲ ಮುಟ್ಟಿದ ಫ್ರೇಮ್‌ವರೆಗೆ ಎಣಿಸಿ 240ರಿಂದ ಭಾಗಿಸಿದರೆ ಗಾಳಿಯಲ್ಲಿದ್ದ ಸಮಯ ಸಿಗುತ್ತದೆ. ಆ ಸಮಯವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 122.6ರಿಂದ ಗುಣಿಸಿ, ಎತ್ತರ ಸೆಂಟಿಮೀಟರಿನಲ್ಲಿ ಬರುತ್ತದೆ. 108 ಫ್ರೇಮ್ ಅಂದರೆ 0.45 ಸೆಕೆಂಡ್, 24.8 ಸೆಂ.ಮೀ. 120 ಫ್ರೇಮಿಗೆ 30.7, 132ಕ್ಕೆ 37.1, 144ಕ್ಕೆ 44.1 ಸೆಂ.ಮೀ.

ತಪ್ಪು ಎರಡು ಕಡೆ ನುಸುಳುತ್ತದೆ. ಸೆಕೆಂಡಿಗೆ 30 ಫ್ರೇಮಿನ ಮಾಮೂಲಿ ವಿಡಿಯೊದಲ್ಲಿ ಒಂದೇ ಒಂದು ಫ್ರೇಮ್ ಹೆಚ್ಚು ಎಣಿಸಿದರೆ 30.7 ಇದ್ದದ್ದು ಸುಮಾರು 35 ಆಗುತ್ತದೆ. ಇನ್ನೊಂದು, ಇಳಿಯುವಾಗ ಮಂಡಿ ಮಡಚುವುದು. ಕಾಲು ಮೇಲೆಳೆದುಕೊಂಡರೆ ನೆಲ ಮುಟ್ಟುವುದು ತಡವಾಗುತ್ತದೆ, 0.50 ಸೆಕೆಂಡ್ 0.54 ಆದರೂ ಸಾಕು, ಐದು ಸೆಂಟಿಮೀಟರ್ ಪುಕ್ಕಟೆ ಸಿಕ್ಕಿದ ಹಾಗೆ ಕಾಣುತ್ತದೆ. ಹೋದ ಹಾಗೇ ಇಳಿಯಬೇಕು: ಕಾಲು ನೆಟ್ಟಗೆ, ಮುಂಪಾದ ಮೊದಲು.

ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು ಕೆಳಗಿನ ನಾಲ್ಕನ್ನೂ ಮೂರು ಮೂರು ಸಲ ಮಾಡಿ. ಒಳ್ಳೆಯದನ್ನು ಬರೆದಿಟ್ಟುಕೊಳ್ಳಿ.

1. ತಡೆದ ಜಿಗಿತ. ಕೈ ಸೊಂಟದ ಮೇಲೆ. ಮಂಡಿ 90 ಡಿಗ್ರಿಗೆ ಬಗ್ಗಿಸಿ 3 ಸೆಕೆಂಡ್ ಅಲ್ಲಾಡದೆ ನಿಂತು ಎಗರಿ. ಎಗರುವ ಮುಂಚೆ ಒಂದಿಷ್ಟೂ ಕೆಳಗೆ ಜಗ್ಗಬಾರದು.

2. ಬಗ್ಗಿ ಎಗರುವ ಜಿಗಿತ. ಕೈ ಸೊಂಟದ ಮೇಲೇ. ನಿಂತಲ್ಲಿಂದ ಚುರುಕಾಗಿ ಬಗ್ಗಿ ತಕ್ಷಣ ಎಗರಿ.

3. ಡ್ರಾಪ್ ಜಂಪ್. 30 ಸೆಂ.ಮೀ. ಎತ್ತರದ ಕಲ್ಲು ಮೆಟ್ಟಿಲು ಅಥವಾ ಅಲ್ಲಾಡದ ಮರದ ಪೆಟ್ಟಿಗೆಯಿಂದ ಒಂದು ಕಾಲು ಮುಂದಿಟ್ಟು ಕೆಳಗೆ ಬಿದ್ದು, ನೆಲ ಮುಟ್ಟಿದ ತಕ್ಷಣ ಆದಷ್ಟು ಎತ್ತರ ಎಗರಿ. ಪ್ಲಾಸ್ಟಿಕ್ ಸ್ಟೂಲು ಬೇಡ. ಇಲ್ಲಿ ಎರಡು ಎಣಿಕೆ: ಪಾದ ನೆಲದ ಮೇಲಿದ್ದ ಸಮಯ, ಆಮೇಲಿನ ಎತ್ತರ. ಮೀಟರಿನಲ್ಲಿ ಎತ್ತರವನ್ನು ಸೆಕೆಂಡಿನಲ್ಲಿ ನೆಲದ ಸಮಯದಿಂದ ಭಾಗಿಸಿ. 0.28 ಮೀಟರ್, 0.20 ಸೆಕೆಂಡ್ ಆದರೆ 1.4.

4. ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವುದು. ಗೋಡೆಗೆ ಎರಡು ಬೆರಳು ತಾಗಿಸಿ, ಮಂಡಿ ನೆಟ್ಟಗಿಟ್ಟು, ಎರಡು ಸೆಕೆಂಡಿಗೊಂದರಂತೆ ಪೂರ್ತಿ ಎತ್ತರಕ್ಕೆ. ಎಷ್ಟು ಆಗುತ್ತದೆ ಎಣಿಸಿ.

1ನೇ ಜಿಗಿತಕ್ಕೂ 2ನೇ ಜಿಗಿತಕ್ಕೂ ಎತ್ತರದಲ್ಲಿ ಅಂತರವೇ ಇಲ್ಲದಿದ್ದರೆ ಮೊದಲು ವಿಡಿಯೊ ನೋಡಿ. ಹತ್ತರಲ್ಲಿ ಎಂಟು ಸಲ ತಡೆದ ಜಿಗಿತದಲ್ಲಿ ಗೊತ್ತಿಲ್ಲದೆ ಜಗ್ಗಿರುತ್ತೀರಿ. ಜಗ್ಗಿಲ್ಲ ಅಂದರೆ ಬಗ್ಗುವುದು ನಿಧಾನವಾಗಿದೆ ಅಥವಾ ತೀರಾ ಆಳವಾಗಿದೆ. ಎರಡೂ 25 ಸೆಂ.ಮೀ. ಒಳಗೇ ಇದ್ದರೆ ಬಲದ್ದೇ ಕೊರತೆ, ರಜ್ಜುವಿನ ಚಿಂತೆ ಆಮೇಲೆ. ಡ್ರಾಪ್ ಜಂಪ್‌ನಲ್ಲಿ ನೆಲದ ಸಮಯ 0.25 ಸೆಕೆಂಡ್ ದಾಟಿದರೆ ಅಥವಾ ಹಿಮ್ಮಡಿ ನೆಲಕ್ಕೆ ಬಡಿದರೆ ಮೀನಖಂಡ ಹಿಡಿದು ನಿಲ್ಲುತ್ತಿಲ್ಲ. ಒಂಟಿಕಾಲಿನ ಎಣಿಕೆ 20ರ ಒಳಗಿದ್ದರೆ, ಇಲ್ಲವೇ ಎಡಕ್ಕೂ ಬಲಕ್ಕೂ ಐದಾರು ವ್ಯತ್ಯಾಸ ಇದ್ದರೆ, ಮೊದಲ ಹತ್ತು ವಾರ ಯಾವ ಎತ್ತರದಿಂದಲೂ ಧುಮುಕಬೇಡಿ.

ಹಲಗೆ ಮಾಡಿಕೊಳ್ಳುವುದು

ರಜ್ಜು ಗಟ್ಟಿಯಾಗುವುದು ಭಾರೀ ಎಳೆತವನ್ನು ಒಂದಿಷ್ಟು ಹೊತ್ತು ಹಿಡಿದಿಟ್ಟಾಗ. ಪೂರ್ಣ ಬಲದ ಶೇ 90ರ ಆಸುಪಾಸಿನಲ್ಲಿ, ಒಂದೊಂದು ಸಲ 3 ಸೆಕೆಂಡ್. ಹಗುರ ಭಾರವನ್ನು ನೂರು ಸಲ ಎತ್ತಿದರೆ ಸ್ನಾಯು ದಣಿಯುತ್ತದೆ, ರಜ್ಜುವಿಗೆ ಸುದ್ದಿಯೇ ಮುಟ್ಟುವುದಿಲ್ಲ. ಜಿಮ್ಮಿನಲ್ಲಿ ಸ್ಮಿತ್ ಮಷಿನ್ (ಬಾರ್ ಎರಡು ಕಂಬಗಳ ನಡುವೆ ಮೇಲೆ ಕೆಳಗೆ ಜಾರುವ ಯಂತ್ರ) ಇದ್ದರೆ ಸರಿ. ಹಳ್ಳಿಯಲ್ಲಿ ಇದ್ದು ತಯಾರಿ ಮಾಡುವವರಿಗೆ ಬಡಗಿ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಒಂದು ಹಲಗೆ ಅದೇ ಕೆಲಸ ಮಾಡುತ್ತದೆ.

ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಗಟ್ಟಿ ಹಲಗೆ. ಕೆಳಗೆ ಎರಡು ತುದಿಗೂ ಅಡ್ಡಲಾಗಿ ಒಂದೂವರೆ ಇಂಚಿನ ರೀಪು ಹೊಡೆಸಿ. ನಡುಮಧ್ಯೆ 14 ಮಿ.ಮೀ. ತೂತು ಕೊರೆದು 12 ಮಿ.ಮೀ. ನೈಲಾನ್ ಹಗ್ಗ ತೂರಿಸಿ, ಕೆಳಗಡೆ ಒಂದು ದೊಡ್ಡ ವಾಷರ್ ಹಾಕಿ ಗಂಟು ಬಿಗಿಯಿರಿ. ರೀಪು ಇಲ್ಲದಿದ್ದರೆ ಹಲಗೆ ಆ ಗಂಟಿನ ಮೇಲೇ ತೂಗಾಡುತ್ತದೆ. ವಾಷರ್ ಇಲ್ಲದಿದ್ದರೆ ಗಂಟು ದಿನಕ್ಕಿಷ್ಟು ತೂತಿನೊಳಗೆ ಇಳಿದು ಒಂದು ದಿನ ಕಿತ್ತುಬರುತ್ತದೆ. ಹಗ್ಗದ ಮೇಲ್ತುದಿಗೆ ಹಳೇ ಕಾರಿನ ಸೀಟ್ ಬೆಲ್ಟ್ ಪಟ್ಟಿಯಂಥ ಅಗಲವಾದ, ಗಟ್ಟಿಯಾದ ಪಟ್ಟಿ ಕಟ್ಟಿ, ಅದನ್ನು ನಾಲ್ಕು ಮಡಿಕೆ ಟವೆಲಿನ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳಬೇಕು. ಹೊಟ್ಟೆಗಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹಗ್ಗ ಎರಡು ಕಾಲಿನ ನಡುವೆ ನೇರ ಕೆಳಗಿಳಿಯಲಿ.

ಮೀನಖಂಡಕ್ಕೆ: ಮಂಡಿ ನೆಟ್ಟಗಿಟ್ಟು, ಹಿಮ್ಮಡಿ ಹಲಗೆಯಿಂದ ಎರಡು ಸೆಂ.ಮೀ. ಎದ್ದಾಗ ಹಗ್ಗ ಬಿಗಿಯಾಗುವಂತೆ ಗಂಟು ಹಾಕಿ. ತೊಡೆಗೆ: ಮಂಡಿ 60ರಿಂದ 70 ಡಿಗ್ರಿ ಬಗ್ಗಿದಾಗ ಹಗ್ಗ ಬಿಗಿಯಾಗುವಂತೆ, ಬೆನ್ನು ನೆಟ್ಟಗೆ. ಆಮೇಲೆ ಎದ್ದೇಳಲು ನೋಡಿ. ಹಲಗೆಯ ಮೇಲೆ ನೀವೇ ನಿಂತಿರುವುದರಿಂದ ಏಳಲಾಗುವುದಿಲ್ಲ, ನಿಮ್ಮ ಬಲವೇ ನಿಮಗೆ ಭಾರ. ಒಮ್ಮೆಲೇ ಜಗ್ಗಬೇಡಿ, ಒಂದು ಸೆಕೆಂಡಿನಲ್ಲಿ ಬಲ ಏರಿಸಿ, ಮೂರು ಸೆಕೆಂಡ್ ಹಿಡಿದು, ಬಿಡಿ. ಉಸಿರು ಕಟ್ಟಬೇಡಿ. ಬೆಲ್ಟ್ ಸೊಂಟದಲ್ಲಿ ಜಾರಿದರೆ ಟವೆಲ್ ಒದ್ದೆ ಮಾಡಿ ಮಡಿಸಿ, ಹಿಡಿತ ಸಿಗುತ್ತದೆ.

ವಾರ 1ರಿಂದ 4: ಹಿಡಿದು ನಿಲ್ಲುವುದು

ಸೋಮವಾರ, ಬುಧವಾರ, ಶುಕ್ರವಾರ. ಮೀನಖಂಡಕ್ಕೆ 5 ಸೆಟ್. ಒಂದು ಸೆಟ್ಟಿನಲ್ಲಿ 3 ಸೆಕೆಂಡ್ ಒತ್ತು, 3 ಸೆಕೆಂಡ್ ಬಿಡುವು, ಹೀಗೆ ನಾಲ್ಕು ಸಲ. ಸೆಟ್ಟಿನ ನಡುವೆ ಒಂದೂವರೆ ಎರಡು ನಿಮಿಷ. ತೊಡೆಗೂ ಇದೇ 5 ಸೆಟ್. ಮೊದಲ ವಾರ ಪೂರ್ಣ ಬಲದ ಅರ್ಧದಷ್ಟೇ ಒತ್ತಿ, ಎರಡನೇ ವಾರ ಮುಕ್ಕಾಲು, ಮೂರನೇ ವಾರದಿಂದ ಹತ್ತಕ್ಕೆ ಒಂಬತ್ತು ಪಾಲು. ಇದರ ಜತೆಗೆ ಮಾಮೂಲಿ ಓಟ ಇರಲಿ, ಅದೇ ದೈಹಿಕ ಪರೀಕ್ಷೆಯ 1600 ಮೀಟರ್ ಓಟದ ತಯಾರಿ ನಿಲ್ಲಿಸುವ ಅಗತ್ಯವಿಲ್ಲ. ಜಿಗಿತ ಮಾತ್ರ ಇಲ್ಲ. ಕೈ ತುರಿಸಿದರೂ ಇಲ್ಲ.

ಈ ಹಂತವನ್ನು ಬಿಟ್ಟು ಮುಂದಿನದಕ್ಕೆ ಹಾರುವವರೇ ಹೆಚ್ಚು, ಬೆವರೇ ಬರದ ವ್ಯಾಯಾಮ ಅಂತ. ಎಲ್ಲ ಹಂತಗಳಲ್ಲಿ ಕಡಿತ ಮಾಡಬಾರದ್ದು ಯಾವುದು ಅಂದರೆ ಇದೇ.

ವಾರ 5ರಿಂದ 10: ನಿಧಾನದ ಭಾರ, ಸಣ್ಣ ಪುಟಿತ

ಈಗ ಭಾರ ಚಲಿಸಬೇಕು, ಆದರೆ ನಿಧಾನವಾಗಿ: ಮೇಲೆ ಹೋಗಲು 3 ಸೆಕೆಂಡ್, ಕೆಳಗೆ ಬರಲು 3 ಸೆಕೆಂಡ್. ವಾರಕ್ಕೆ ಎರಡು ದಿನ, ಪ್ರತಿಯೊಂದೂ 4 ಸೆಟ್. ಮೆಟ್ಟಿಲಂಚಿನಲ್ಲಿ ಒಂಟಿಕಾಲಿನ ಹಿಮ್ಮಡಿ ಎತ್ತುವುದು, ಮಂಡಿ ನೆಟ್ಟಗಿಟ್ಟು ಎರಡು ಸೆಟ್, ತುಸು ಬಗ್ಗಿಸಿ ಎರಡು ಸೆಟ್. ಮಂಡಿ ನೆಟ್ಟಗಿದ್ದಾಗ ಮೀನಖಂಡದ ಮೇಲಿನ ಸ್ನಾಯು ಹೆಚ್ಚು ದುಡಿಯುತ್ತದೆ, ಬಗ್ಗಿಸಿದಾಗ ಅದರಡಿಯ ಅಗಲ ಸ್ನಾಯು. ಎರಡೂ ಒಂದೇ ಅಕಿಲಿಸ್‌ಗೆ ಸೇರುತ್ತವೆ, ಒಂದನ್ನೇ ಬೆಳೆಸಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ. ಆಮೇಲೆ ಸ್ಕ್ವಾಟ್, ಅಂದರೆ ಎರಡೂ ಕಾಲಿನ ಮೇಲೆ ಕೂತೇಳುವುದು. ಆಮೇಲೆ ಒಂದು ಕಾಲು ಮುಂದಿಟ್ಟು ಕೂತೇಳುವುದು.

ಭಾರಕ್ಕೆ 25 ಕೆ.ಜಿ. ಅಕ್ಕಿ ಮೂಟೆಯನ್ನು ಗಟ್ಟಿ ಬ್ಯಾಗಿಗೆ ಹಾಕಿ ಬೆನ್ನಿಗೇರಿಸಿದರೆ ಶುರುವಿಗೆ ಸಾಕು. 50 ಕೆ.ಜಿ. ರಾಗಿ ಮೂಟೆ ಹೆಗಲಿಗೆ ಹಾಕಿ ಸ್ಕ್ವಾಟ್ ಮಾಡುವವರಿದ್ದಾರೆ. ಮೂಟೆ ಒಂದು ಕಡೆ ವಾಲಿ ಬೆನ್ನು ತಿರುಚುವುದರಿಂದ ಅದು ಬೇಡ, ಜಿಮ್ಮಿನ ಬಾರ್ ವಾಸಿ. ವಾರ 5, 6ರಲ್ಲಿ ಸೆಟ್ಟಿಗೆ 12 ಸಲ, 7, 8ರಲ್ಲಿ 10, 9, 10ರಲ್ಲಿ 8. ಎಣಿಕೆ ಇಳಿದಂತೆ ಭಾರ ಏರಬೇಕು, ಕೊನೆಯ ಎರಡು ಸಲ ಕಷ್ಟವಾಗಬೇಕು. ಮೂರನೆಯ ದಿನ ಹಲಗೆಯ ಅಭ್ಯಾಸ.

ಪುಟಿತಕ್ಕೆ ಬೇರೆ ದಿನ. ಸ್ಕಿಪ್ಪಿಂಗ್ ಹಗ್ಗ ಸಾಕು. ಮಂಡಿ ಮಡಚದೆ, ಪಾದದ ಗಂಟಿನಿಂದಲೇ, ಹಿಮ್ಮಡಿ ನೆಲಕ್ಕೆ ತಾಗಿಸದೆ 20 ಸಲ, ಒಂದು ನಿಮಿಷ ಬಿಡುವು, ಒಟ್ಟು ಮೂರು ನಾಲ್ಕು ಸೆಟ್. ಪಾದ ನೆಲಕ್ಕೆ ತಾಗಿದ್ದನ್ನೆಲ್ಲ ಎಣಿಸಿದರೆ ದಿನಕ್ಕೆ 60ರಿಂದ 80 ಮೀರಬಾರದು. ಸದ್ದನ್ನು ಕೇಳಿಸಿಕೊಳ್ಳಿ: ಟಪ್ ಟಪ್ ಅಂತ ಚುಟುಕಾಗಿ ಬರಬೇಕು. ಧೊಪ್ ಅಂತ ಉದ್ದಕ್ಕೆ ಎಳೆದರೆ ಹಿಮ್ಮಡಿ ಇಳಿಯುತ್ತಿದೆ, ಆವತ್ತಿಗೆ ಸಾಕು ಮಾಡಿ.

ದೇವರಾಯನದುರ್ಗ, ಅಂತರಗಂಗೆಯ ಮೆಟ್ಟಿಲು ಹತ್ತುವ ಅಭ್ಯಾಸದ ಬಗ್ಗೆ ಒಂದು ಮಾತು. ಹತ್ತುವುದು ತೊಡೆ, ಕುಂಡೆ, ಉಸಿರಿಗೆ ಒಳ್ಳೆಯದು. ಆದರೆ ಅಲ್ಲಿ ಕಾಲು ಮೆಟ್ಟಿಲ ಮೇಲೆ ನಿಲ್ಲುವ ಹೊತ್ತು ಹೆಚ್ಚು, ರಜ್ಜುವಿನ ಪುಟಿತಕ್ಕೆ ಏನೂ ಸಿಗುವುದಿಲ್ಲ. ಓಡಿ ಇಳಿಯುವುದಂತೂ ಮಂಡಿಚಿಪ್ಪಿನ ರಜ್ಜುವಿನ ಮೇಲೆ ದೊಡ್ಡ ಹೊರೆ. ಹತ್ತಿ, ನಡೆದು ಇಳಿಯಿರಿ.

ವಾರ 11ರಿಂದ 15: ವೇಗ

ಭಾರದ ದಿನ ಎರಡೇ ಇರಲಿ, ಸೆಟ್ ಅರ್ಧಕ್ಕೆ ಇಳಿಸಿ. ಜಿಗಿತದ ದಿನ ಎರಡು, ನಡುವೆ ಕನಿಷ್ಠ 48 ಗಂಟೆ. ಪಾದ ನೆಲಕ್ಕೆ ತಾಗುವ ದಿನದ ಒಟ್ಟು ಎಣಿಕೆ 80ರಿಂದ ಶುರುವಾಗಿ 120ಕ್ಕೆ ನಿಲ್ಲಬೇಕು.

ಡ್ರಾಪ್ ಜಂಪ್ 20 ಸೆಂ.ಮೀ.ನಿಂದ ಆರಂಭ, 5 ಸಲದ 4 ಸೆಟ್. ಎರಡು ವಾರ ಆದ ಮೇಲೆ 20, 30, 40 ಮೂರರಿಂದಲೂ ಮಾಡಿ ಎತ್ತರವನ್ನು ನೆಲದ ಸಮಯದಿಂದ ಭಾಗಿಸಿ ನೋಡಿ. ಯಾವುದರಲ್ಲಿ ಅಂಕಿ ದೊಡ್ಡದೋ ಅದೇ ನಿಮ್ಮ ಪೆಟ್ಟಿಗೆ. 30ರಲ್ಲಿ 1.4 ಬಂದು 40ರಲ್ಲಿ 1.1ಕ್ಕೆ ಇಳಿದರೆ 40 ನಿಮಗೆ ಇನ್ನೂ ಹೊರೆಯೇ.

ಇಳಿಯುವ ಮುಂಚೆ ಬಿಗಿಯುವುದನ್ನು ಕಲಿಸಲು ಸುಲಭ ಉಪಾಯ: ಗಾಳಿಯಲ್ಲಿರುವಾಗ ಕಾಲ್ಬೆರಳನ್ನು ಮೊಳಕಾಲ ಕಡೆ ಎಳೆದುಕೊಳ್ಳಿ, ನೆಲ ಹತ್ತಿರ ಬಂದಂತೆ ಪಾದದ ಗಂಟನ್ನು ಬಿಗಿಯಾಗಿ ಕಟ್ಟಿ, ನೆಲವನ್ನು ನೀವಾಗಿಯೇ ಹೊಡೆಯಿರಿ. ಬೆರಳು ಕೆಳಗೆ ಜೋತುಬಿದ್ದಿದ್ದರೆ ಮೀನಖಂಡ ಮೊದಲೇ ಕುಗ್ಗಿಬಿಟ್ಟಿರುತ್ತದೆ, ಹಿಗ್ಗಿಸಲು ಏನೂ ಉಳಿದಿರುವುದಿಲ್ಲ. ಕಣ್ಣು ನೆಲದ ಮೇಲಲ್ಲ, ಎದುರಿಗೆ.

ಮರಳಿನ ಮೇಲೆ ಎಗರಿದರೆ ಕಾಲಿಗೆ ಬಲ ಬರುತ್ತದೆ ಎನ್ನುವುದು ಅರ್ಧ ನಿಜ. ಮರಳು ಜರುಗುವುದರಿಂದ ನೆಲದ ಸಮಯ ಹೆಚ್ಚಾಗುತ್ತದೆ, ರಜ್ಜುವಿಗೆ ಚುರುಕಿನ ಎಳೆತ ಸಿಗುವುದಿಲ್ಲ. ಸಿಮೆಂಟು ರಸ್ತೆಯೂ ಬೇಡ. ಮಾರ್ಚ್ ಹೊತ್ತಿಗೆ ನಮ್ಮ ಕೆಮ್ಮಣ್ಣಿನ ಮೈದಾನ ಹೆಚ್ಚುಕಮ್ಮಿ ಸಿಮೆಂಟೇ ಆಗಿರುತ್ತದೆ; ಹಿಂದಿನ ಸಂಜೆ ನಾಲ್ಕು ಬಿಂದಿಗೆ ನೀರು ಚೆಲ್ಲಿ ಬೆಳಗ್ಗೆ ಮಾಡಿ, ಇಲ್ಲವೇ ಹುಲ್ಲಿನ ಜಾಗ ಹುಡುಕಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೈ ಬೆಚ್ಚಗೆ ಮಾಡಲು ಐದು ನಿಮಿಷ ಹೆಚ್ಚು ಕೊಡಿ. ಎಗರುವ ಮುಂಚೆ ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿಯುವ ಸ್ಟ್ರೆಚಿಂಗ್ ಬೇಡ, ಅದು ಎತ್ತರವನ್ನು ತುಸು ಇಳಿಸುತ್ತದೆ. ಅದನ್ನು ಕೊನೆಗೆ ಮಾಡಿ.

ಓಡಿಬಂದು ಎಗರುವುದು

3.80 ಮೀಟರಿಗೆ 11ರಿಂದ 13 ಹೆಜ್ಜೆಯ ರನಪ್ (ಎಗರುವ ಮುಂಚಿನ ಓಟ) ಸಾಕು. ಉದ್ದ ಕೊಡುವುದು ಮುಖ್ಯವಾಗಿ ಓಟದ ವೇಗ. ಆ ವೇಗವನ್ನು ಬೋರ್ಡಿನ ಮೇಲೆ ಕಳೆದುಕೊಳ್ಳದೆ ಮೇಲಕ್ಕೆ ತಿರುಗಿಸುವುದು ರಜ್ಜು, ಸ್ನಾಯುಗಳ ಕೆಲಸ. ಕೊನೆಯಿಂದ ಎರಡನೇ ಹೆಜ್ಜೆ ತುಸು ಉದ್ದ, ಸೊಂಟ ಒಂದಿಷ್ಟು ಕೆಳಗೆ. ಕೊನೆಯ ಹೆಜ್ಜೆ ಗಿಡ್ಡ, ಚುರುಕು. ಟೇಕಾಫ್ ಕಾಲು, ಅಂದರೆ ನೆಲ ಒತ್ತಿ ಎಗರುವ ಕಾಲು, ಬಹುತೇಕ ನೆಟ್ಟಗೆ, ಪೂರ್ತಿ ಪಾದ ಒಟ್ಟಿಗೆ ನೆಲಕ್ಕೆ. ಹಿಮ್ಮಡಿ ಕುಟ್ಟಿದರೆ ಅದು ಬ್ರೇಕು. ಬೆರಳ ತುದಿಯಲ್ಲಿ ಇಳಿದರೆ ಪಾದದ ಗಂಟು ಕುಸಿಯುತ್ತದೆ. ಮಂಡಿ ತೀರಾ ಬಗ್ಗಿದರೆ ನೆಲದ ಸಮಯ ಲಂಬಿಸಿ ವೇಗವೆಲ್ಲ ಸ್ನಾಯುವಿನಲ್ಲೇ ಕರಗುತ್ತದೆ.

ಬೇಗನೆ ಬೆರಳ ಮೇಲೆ ಏಳುವುದು ಇನ್ನೊಂದು ಸಾಮಾನ್ಯ ತಪ್ಪು. ಮೀನಖಂಡದ ಮೇಲಿನ ಸ್ನಾಯು ಮಂಡಿಯನ್ನೂ ದಾಟಿ ತೊಡೆಮೂಳೆಗೆ ಅಂಟಿಕೊಂಡಿದೆ. ಮಂಡಿ ನೆಟ್ಟಗಾದಂತೆ ಅದು ಅಕಿಲಿಸ್ಸನ್ನು ಎಳೆದು, ತೊಡೆಯ ಬಲವನ್ನು ಪಾದಕ್ಕೆ ಸಾಗಿಸುತ್ತದೆ. ಮಂಡಿ ಬಿಚ್ಚುವ ಮುಂಚೆಯೇ ಬೆರಳ ಮೇಲೆ ಎದ್ದರೆ ಆ ಬಲ ಸಾಗುವ ದಾರಿಯೇ ಮುಚ್ಚಿತು. ಕೈ ಬೀಸುವುದನ್ನೂ ಮರೆಯಬೇಡಿ: ನಿಂತ ಜಿಗಿತದಲ್ಲಿ ಎತ್ತರದ ಹತ್ತನೇ ಒಂದು ಪಾಲು ಕೈಯದ್ದೇ.

1.20 ಮೀಟರ್ ಹೈ ಜಂಪ್‌ಗೆ ಒಂದಾದ ಮೇಲೊಂದು ಕಾಲನ್ನು ಪಟ್ಟಿಯ ಮೇಲೆ ದಾಟಿಸುವ ಕತ್ತರಿ ಕಾಲಿನ ಪದ್ಧತಿ ಸಾಕು. ಒಳ್ಳೆಯ ಮ್ಯಾಟ್ ಇಲ್ಲದ ಕಡೆ ಬೆನ್ನು ಹಾಕಿ ಬೀಳುವ ಫಾಸ್‌ಬರಿ ಶೈಲಿ ಅಭ್ಯಾಸ ಮಾಡಲೇಬೇಡಿ. ಲಾಂಗ್ ಜಂಪ್ ಗುಂಡಿಯ ಮರಳನ್ನು ಪ್ರತಿ ಬೆಳಗ್ಗೆ ಒಂದಡಿ ಆಳ ಕೆದಕಿ ಸಡಿಲ ಮಾಡಿ. ಮಳೆ ಬಂದ ಮರುದಿನ ಗಟ್ಟಿ ಕಟ್ಟಿರುತ್ತದೆ.

ನೋವು ಬಂದಾಗ

ಮಂಡಿಚಿಪ್ಪಿನ ಕೆಳತುದಿಯಲ್ಲಿ, ಒಂದು ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಿದ್ದರೆ, ಎಗರಿದಷ್ಟೂ ಅದು ಜಾಸ್ತಿಯಾದರೆ, ಅದು ಜಿಗಿಯುವವರ ಮಂಡಿನೋವು. 10ರಿಂದ 15 ವರ್ಷದ ಮಕ್ಕಳಲ್ಲಿ ನೋವು ಅದಕ್ಕೂ ಕೆಳಗೆ, ಮೊಳಕಾಲ ಮೂಳೆಯ ಉಬ್ಬಿನ ಮೇಲೆ ಬರುತ್ತದೆ. ಅದು ಬೆಳೆಯುವ ಮೂಳೆಯ ತೊಂದರೆ, ಅಂಥ ಮಕ್ಕಳಿಗೆ ಜಿಗಿತ ಕಡಿಮೆ ಮಾಡಿಸಬೇಕು, ಬೈದು ಮಾಡಿಸಬಾರದು. ಅಕಿಲಿಸ್ ನೋವು ಬೆಳಗ್ಗೆ ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗಳಲ್ಲಿ ಗೊತ್ತಾಗುತ್ತದೆ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಅಭ್ಯಾಸದ ವೇಳೆ 3ರೊಳಗಿದ್ದು, ಮರುದಿನ ಬೆಳಗ್ಗೆ ಎಂದಿನಂತೆಯೇ ಇದ್ದರೆ ಮುಂದುವರಿಸಬಹುದು. ಬೆಳಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಜಿಗಿತ ನಿಲ್ಲಿಸಿ, ಹಲಗೆಗೆ ವಾಪಸು ಬನ್ನಿ: ಈ ಸಲ 45 ಸೆಕೆಂಡ್ ಹಿಡಿದು ನಿಲ್ಲುವುದು, 5 ಸಲ, ನಡುವೆ 2 ನಿಮಿಷ ಬಿಡುವು, ಪೂರ್ಣ ಬಲದ ಮುಕ್ಕಾಲಿನಷ್ಟು. ಪೂರ್ತಿ ವಿಶ್ರಾಂತಿ ಮದ್ದಲ್ಲ. ಮೂರು ವಾರ ಮಲಗಿದ ರಜ್ಜು ಇನ್ನಷ್ಟು ದುರ್ಬಲವಾಗಿ, ಮೈದಾನಕ್ಕಿಳಿದ ದಿನವೇ ಮತ್ತೆ ನೋಯುತ್ತದೆ. ಎಣ್ಣೆ ಹಚ್ಚಿ ಉಜ್ಜಿದರೆ ಹಾಯೆನಿಸುತ್ತದೆ, ಅಷ್ಟೇ; ರಜ್ಜುವಿನ ಮೇಲೇ ಜೋರಾಗಿ ತೀಡಬೇಡಿ. ಅಕಿಲಿಸ್‌ಗೆ ಸ್ಟಿರಾಯ್ಡ್ ಸೂಜಿ ಚುಚ್ಚಿಸಿಕೊಂಡು ಪರೀಕ್ಷೆಗೆ ಇಳಿಯುವುದು ಹರಿದುಕೊಳ್ಳುವ ದಾರಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ ಇನ್ನೊಂದಿದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯೋಟಿಕ್ ಮಾತ್ರೆಗಳು, ಹೊಟ್ಟೆ ಕೆಟ್ಟಾಗ, ಮೂತ್ರದ ಸೋಂಕಿಗೆ ಕೊಡುವಂಥವು, ರಜ್ಜುವನ್ನು ದುರ್ಬಲಗೊಳಿಸಬಲ್ಲವು, ಅದರಲ್ಲೂ ಅಕಿಲಿಸ್ಸನ್ನು. ಜಿಗಿತದ ತಯಾರಿಯಲ್ಲಿದ್ದೀರಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಆ ಮಾತ್ರೆ ತಗೊಳ್ಳುವಾಗಲೋ ಆಮೇಲಿನ ವಾರಗಳಲ್ಲೋ ಹಿಮ್ಮಡಿ ನೋವು ಬಂದರೆ ಜಿಗಿತ ನಿಲ್ಲಿಸಿ ವೈದ್ಯರನ್ನು ಕಾಣಿ.

ಎಗರುವಾಗ ಹಿಂದಿನಿಂದ ಯಾರೋ ಒದ್ದಂತಾಗಿ, ಫಟ್ ಎಂದು ಸದ್ದಾಗಿ, ಬೆರಳ ಮೇಲೆ ನಿಲ್ಲಲಾಗದಿದ್ದರೆ ಅಕಿಲಿಸ್ ಹರಿದಿರಬಹುದು. ಬೋರಲು ಮಲಗಿಸಿ, ಪಾದ ಮಂಚದಾಚೆ ಇರುವಂತೆ ಮಾಡಿ, ಮೀನಖಂಡ ಹಿಂಡಿ ನೋಡಿ. ಸರಿಯಿರುವ ಕಾಲಿನಲ್ಲಿ ಪಾದ ಅಲ್ಲಾಡುತ್ತದೆ, ಹರಿದ ಕಾಲಿನಲ್ಲಿ ಅಲ್ಲಾಡುವುದಿಲ್ಲ. ಅಲ್ಲಾಡದಿದ್ದರೆ, ಅಲ್ಲಾಡಿದರೂ ಅನುಮಾನ ಉಳಿದರೆ, ಅದೇ ದಿನ ಮೂಳೆ ತಜ್ಞರ ಹತ್ತಿರ ಹೋಗಿ. ನಾಟಿ ಕಟ್ಟು ಕಟ್ಟಿಸಿಕೊಂಡು ದಿನ ಕಳೆದರೆ ಹರಿದ ತುದಿಗಳು ದೂರ ಸರಿದು ಚಿಕಿತ್ಸೆ ಕಷ್ಟವಾಗುತ್ತದೆ.

ಊಟದ ಬಗ್ಗೆ ಹೆಚ್ಚೇನಿಲ್ಲ. ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಪ್ರೊಟೀನ್, ಅಂದರೆ 60 ಕೆ.ಜಿ.ಯವರಿಗೆ 96 ಗ್ರಾಂ. ಮುದ್ದೆ, ಸೊಪ್ಪಿನ ಸಾರಿನಿಂದಷ್ಟೇ ಅದು ಬರುವುದಿಲ್ಲ; ಮೊಟ್ಟೆ, ಹಾಲು, ಹುರುಳಿಕಾಳು, ಅವರೆಕಾಳು, ಸೋಯಾ ಸೇರಿಸಬೇಕು. ಕಾಲು ಸೂಪ್ ಕುಡಿದರೆ ರಜ್ಜು ಗಟ್ಟಿಯಾಗುತ್ತದೆ ಎನ್ನುವವರ ಮಾತಿನಲ್ಲಿ ಒಂದೆಳೆ ಅರ್ಥವಿದೆ, ಅದರಲ್ಲಿ ಜೆಲಟಿನ್ ಇರುತ್ತದೆ. ಆದರೆ ಎಳೆತವನ್ನೇ ಕಾಣದ ರಜ್ಜು ಸೂಪ್ ಕುಡಿದು ಗಟ್ಟಿಯಾಗುವುದಿಲ್ಲ.

ಕೊನೆಯ ವಾರ

16ನೇ ವಾರ ಭಾರ ಎತ್ತುವುದು ಒಂದೇ ದಿನ, ಪರೀಕ್ಷೆಗೆ ಐದಾರು ದಿನ ಮುಂಚೆ. ತಾಗುವಿಕೆಯ ಎಣಿಕೆ ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಹಿಂದಿನ ದಿನ ನಡಿಗೆ ಮಾತ್ರ. ಹೊಸ ಶೂ ಹಾಕಿಕೊಳ್ಳಬೇಡಿ.

ಪರೀಕ್ಷೆಯ ದಿನ ಸಾಮಾನ್ಯವಾಗಿ ಓಟ ಮೊದಲು, ಜಿಗಿತ ಆಮೇಲೆ. 1600 ಮೀಟರ್ ಓಡಿದ ಮೀನಖಂಡ ದಣಿದಿರುತ್ತದೆ, ಬಿಗಿ ಹಿಡಿಯುವುದು ತಡವಾಗುತ್ತದೆ. ಓಟ ಮುಗಿದ ಕೂಡಲೇ ಕೂತುಬಿಡಬೇಡಿ. ಹತ್ತು ನಿಮಿಷ ಅಡ್ಡಾಡಿ, ನೀರು ಕುಡಿದು, ಸರದಿ ಬರುವ ಎರಡು ನಿಮಿಷ ಮುಂಚೆ ಹತ್ತು ಸಣ್ಣ ಪುಟಿತ, ಒಂದು ಜೋರಿನ ಜಿಗಿತ ಮಾಡಿ. ಸಿಗುವುದು ಮೂರು ಅವಕಾಶ. ದಣಿದ ಕಾಲಿನ ಹೆಜ್ಜೆ ಗಿಡ್ಡವಾಗುವುದರಿಂದ ಅಳೆದಿಟ್ಟ ರನಪ್ ಗುರುತು ಅರ್ಧ ಅಡಿ ಆಚೀಚೆ ಆಗಬಹುದು. ಅಭ್ಯಾಸದಲ್ಲಿ ನಿಮಗೆ 4 ಮೀಟರ್ ದಾಟುತ್ತಿದ್ದರೆ ಮೊದಲ ಜಿಗಿತವನ್ನು ಬೋರ್ಡಿನಂಚಿಗೆ ನಾಲ್ಕು ಬೆರಳು ಹಿಂದೆಯೇ ಇಟ್ಟು, ಫೌಲ್ ಇಲ್ಲದ ಒಂದು ಅಳತೆಯನ್ನು ಮೊದಲು ಬರೆಸಿಕೊಳ್ಳಿ.